ಚೌಕದೊಳಗಿನ ಮುಖ

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಒಳಗೆ ಕಾಲಿಟ್ಟವರು ಮೊದಲು ತಲೆಯೆತ್ತುತ್ತಾರೆ. ಕಂಬಗಳ ದಪ್ಪ, ಚಾವಣಿಯ ಎತ್ತರ, ಕಲ್ಲಿನೊಳಗಿನ ತಂಪು ಎಲ್ಲವೂ ಕಣ್ಣನ್ನು ಮೇಲಕ್ಕೇ ಎಳೆಯುತ್ತವೆ. ಈ ಊರನ್ನು ಆಳಿದವರ ರೂಪ ಇರುವುದು ಮಾತ್ರ ಕಾಲಡಿಯಲ್ಲಿ. ದೇವರ ಎದುರಿನ ಕಲ್ಲುಹಾಸಿನ ಮೇಲೆ ಮೂವರು ಕೆಳದಿ ನಾಯಕರು ಅಡ್ಡಬಿದ್ದಿದ್ದಾರೆ; ಒಬ್ಬೊಬ್ಬರ ಮೇಲೂ ಅವರವರ ಹೆಸರಿದೆ. 19ನೇ ಶತಮಾನದಲ್ಲಿ ಮೈಸೂರು ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ಇವರಲ್ಲೊಬ್ಬನನ್ನು ವಿಶೇಷವಾಗಿ ಗುರುತಿಸಿದರು. ಅವನು ಹುಚ್ಚ ಸೋಮಶೇಖರ. ಕೈಗೆ ಕೋಳ, ಕಾಲಿಗೆ ಬೇಡಿ.

ದೊರೆಯೊಬ್ಬನ ರೂಪವನ್ನು ಕಲ್ಲಿನಲ್ಲಿ ಉಳಿಸುವಾಗ ಬೇಡಿಯನ್ನೂ ಉಳಿಸಿದ್ದಾರೆ ಎಂಬುದು ಸಣ್ಣ ಸಂಗತಿಯಲ್ಲ. ಜಗತ್ತಿನ ಅರಸರು ಕುದುರೆಯೇರಿ, ಕತ್ತಿ ಹಿರಿದು, ಗದ್ದುಗೆಯ ಮೇಲೆ ಕೂತು ತಮ್ಮನ್ನು ತೋರಿಸಿಕೊಂಡಿದ್ದಾರೆ. ಇಲ್ಲಿನವರು ನೆಲಕ್ಕೆ ಬಿದ್ದಿದ್ದಾರೆ, ಅವರಲ್ಲೊಬ್ಬ ಬಂಧನದಲ್ಲಿದ್ದಾನೆ. ತಾನು ಹೇಗೆ ನೆನಪಿನಲ್ಲಿ ಉಳಿಯಬೇಕು ಎಂಬ ಪ್ರಶ್ನೆಗೆ ಮಲೆನಾಡು ಕೊಟ್ಟ ಹಳೆಯ ಉತ್ತರಗಳಲ್ಲಿ ಇದೂ ಒಂದು. ಇಂದು ಚಿತ್ರಕಾರರು ತಮ್ಮದೇ ಫೋಟೋ ಎದುರಿಗಿಟ್ಟುಕೊಂಡು ತಮ್ಮ ಮುಖವನ್ನು ತಾವೇ ಬರೆಯುತ್ತಾರಲ್ಲ, ಆ ರೂಢಿಯ ಹಿಂದಿನ ಕತೆಯನ್ನು ಇಲ್ಲಿಂದ ಶುರುಮಾಡಬಹುದು.

ಸಾಗರದ ಕೆಲವೇ ಮೈಲಿ ಸುತ್ತಳತೆಯಲ್ಲಿ ಕೆಳದಿ, ಇಕ್ಕೇರಿ ಎರಡೂ ಇವೆ. ನಾಯಕರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಮುಂದೆ 17ನೇ ಶತಮಾನದಲ್ಲಿ ಇಂದಿನ ಹೊಸನಗರ ತಾಲ್ಲೂಕಿನ ಬಿದನೂರಿಗೆ ಹೋಯಿತು. 1763ರಲ್ಲಿ ಹೈದರಾಲಿಯ ಕೈಸೇರಿತು. ಅರಮನೆಗಳು ಅಳಿದವು. ಇಕ್ಕೇರಿ ಮಾತ್ರ ತೋಟಗಾರರ ಲೆಕ್ಕದಲ್ಲಿ ಉಳಿಯಿತು. ಈ ದೇವಸ್ಥಾನದ ನಡುಗಂಬಗಳ ನಡುವಿನ ಅಂತರವೇ ತೋಟ ಅಳೆಯುವ ಗಳುವಿನ ಉದ್ದವಾಯಿತು, ಅಂದರೆ 18 ಅಡಿ 6 ಅಂಗುಲ. ಆ ಅಳತೆಗೆ ದಾಯ ಎಂದು ಹೆಸರು. ಕಂಬದಿಂದ ಕಂಬಕ್ಕೆ ಒಂದು ದಾಯ, ದಾಯಕ್ಕೆ ದಾಯ ಕೂಡಿದರೆ ಒಂದು ಚೌಕ. ಈ ಚೌಕ ಮುಂದೆ ಮತ್ತೆ ಮತ್ತೆ ಬರಲಿದೆ.

ನಾಯಕರ ರೂಪ ಸಿಕ್ಕಿತು. ಅದನ್ನು ಕೆತ್ತಿದವನ ಮುಖ ಎಲ್ಲಿ?

ಅದನ್ನು ಹುಡುಕಲು ಹೊರಟರೆ ಇನ್ನೂ ಹಿಂದಕ್ಕೆ, ಇಲ್ಲಿಂದ ಈಶಾನ್ಯಕ್ಕಿರುವ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋಗಬೇಕಾಗುತ್ತದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕೆಲಸ ಮಾಡಿದ ಶಿಲ್ಪಿಗಳಲ್ಲಿ ದಾಸೋಜ, ಅವನ ಮಗ ಚಾವಣ ಬಳ್ಳಿಗಾವಿಯವರು. ಮದನಿಕೆಯರ ಕಾಲಬಳಿ ಅವರು ತಮ್ಮ ಹೆಸರು, ಊರು, ಬಿರುದುಗಳನ್ನು ಕಂಡರಿಸಿದ್ದಾರೆ. ಹೆಸರು ಹೇಳಿಕೊಳ್ಳುವುದಕ್ಕೆ ಸಂಕೋಚವಿಲ್ಲದ, ಬಿರುದಿನ ಬಗ್ಗೆ ಅಭಿಮಾನವಿದ್ದ ಕಸುಬುದಾರರು ಇವರು. ಅದೇ ಗುಡಿಯಲ್ಲಿ ಕನ್ನಡಿ ಹಿಡಿದು ತನ್ನನ್ನೇ ನೋಡಿಕೊಳ್ಳುವ ದರ್ಪಣಸುಂದರಿಯೂ ಇದ್ದಾಳೆ. ಕನ್ನಡಿಯಿದೆ, ನೋಡಿಕೊಳ್ಳುವ ಭಂಗಿಯಿದೆ, ಕೆತ್ತಿದವರ ಹೆಸರುಗಳೂ ಇವೆ. ಶಿಲ್ಪಿಯ ಮುಖವೊಂದೇ ಇಲ್ಲ. ಹೆಸರು ತನ್ನದು, ಮುಖ ದೇವರದು ಅಥವಾ ದೊರೆಯದು ಎಂಬ ಒಪ್ಪಂದ ನೂರಾರು ವರ್ಷ ನಡೆಯಿತು.

ಈ ಸೀಮೆಯಲ್ಲಿ ಇನ್ನೊಂದು ದಾರಿಯೂ ಇತ್ತು. ಅದು ಹೆಂಗಸರದು, ಅದರಲ್ಲಿ ಹೆಸರೂ ಇಲ್ಲ, ಮುಖವೂ ಇಲ್ಲ. ಸಾಗರ, ಸೊರಬ, ಹೊಸನಗರದ ದೀವರ ಮನೆಗಳಲ್ಲಿ ಮದುವೆ ಬಂತೆಂದರೆ ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಹಸೆ ಬರೆಯುತ್ತಾರೆ. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಗೆರೆಯೆಳೆಯುವ ಕೈ ನಡುಗಬಾರದು. ಒಂದು ಎಳೆ ಓರೆಯಾದರೆ ಇಡೀ ಚೌಕಟ್ಟು ಓರೆಯಾಗುತ್ತದೆ. ಚೌಕ, ಮುಕ್ಕೋನ, ಏಣಿಯಂಥ ಸಾಲುಗಳ ನಡುವೆ ಮದುಮಗ, ಮದುಮಗಳು, ದಂಡಿಗೆ, ವಾದ್ಯದವರು, ಹಕ್ಕಿ, ಪೈರು. ಮದುಮಕ್ಕಳಿಗೆ ಕಣ್ಣು ಮೂಗು ಬಿಡಿಸುವುದಿಲ್ಲ. ಎರಡು ಮುಕ್ಕೋನ ಕೂಡಿದರೆ ಮೈಯಾಯಿತು, ಮೇಲೊಂದು ಬೊಟ್ಟಿಟ್ಟರೆ ತಲೆಯಾಯಿತು. ನಿಜವಾದ ಮದುಮಕ್ಕಳು ಬಂದು ಅದೇ ಗೋಡೆಯ ಮುಂದೆ ಹಸೆಯ ಮೇಲೆ ಕೂರುತ್ತಾರೆ. ಹಿಂದೆ ಗೆರೆಯಲ್ಲಿ ಇರುವವರೂ ಅವರೇ, ಮುಂದೆ ಮೈಯಲ್ಲಿ ಇರುವವರೂ ಅವರೇ. ಹೋಲಿಕೆ ಯಾರಿಗೂ ಬೇಕಿರಲಿಲ್ಲ. ಇವರು ಇಂಥವರೆಂದು ಇಡೀ ಊರಿಗೆ ಗೊತ್ತಿತ್ತು.

ಈ ಲೋಕಕ್ಕೆ ಕ್ಯಾಮೆರಾ ಬಂತು. ಬಂದಾಗ ಅದು ಮೊದಲು ನೋಡಿದ್ದು ಮನುಷ್ಯರನ್ನಲ್ಲ.

ಫೋಟೋಗ್ರಫಿಯ ಸುದ್ದಿ ಪ್ಯಾರಿಸ್ಸಿನಲ್ಲಿ ಹೊರಬಿದ್ದದ್ದು 1839ರಲ್ಲಿ. ಹದಿನೈದು ವರ್ಷ ಕಳೆಯುವಷ್ಟರಲ್ಲಿ, 1854ರ ಡಿಸೆಂಬರಿನಲ್ಲಿ, ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ಬೇಲೂರು ಹಳೇಬೀಡುಗಳ ಶಿಲ್ಪವನ್ನು ಪಟವಾಗಿಸಿದ. 1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸೀಮೆಯ ಶಾಸನಗಳ ಫೋಟೋ ತೆಗೆದ. ಬಳ್ಳಿಗಾವಿಯ ಕಲ್ಲುಗಳೂ ಅದರಲ್ಲಿದ್ದವು. ಆ ಪಟಗಳನ್ನು ಓದಿಯೇ ರೈಸ್ 1879ರಲ್ಲಿ ಶಾಸನಗಳ ಇಂಗ್ಲಿಷ್ ಅನುವಾದ ಪ್ರಕಟಿಸಿದರು. ಕಲ್ಲು ಅಲುಗುವುದಿಲ್ಲ, ದೀರ್ಘ ಹೊತ್ತು ಬೆಳಕು ಹಿಡಿಯಬೇಕಾದ ಆ ಕಾಲದ ಪೆಟ್ಟಿಗೆಗೆ ಅದಕ್ಕಿಂತ ಒಳ್ಳೆಯ ಗಿರಾಕಿ ಇನ್ನಿಲ್ಲ. ದಾಸೋಜನ ಊರಿನ ಅಕ್ಷರಗಳಿಗೆ ಫೋಟೋ ಬಂತು. ಅಲ್ಲಿ ಉಳುತ್ತಿದ್ದವರ, ನೀರು ಹೊರುತ್ತಿದ್ದವರ ಮುಖಗಳ ಸರದಿ ಬರಲು ಇನ್ನೂ ಬಹಳ ಕಾಲ ಹಿಡಿಯಿತು.

ಪೇಟೆಯಲ್ಲಿ ಸ್ಟುಡಿಯೋ ಬಂದ ಮೇಲೆ ಮಲೆನಾಡಿನ ಜಗಲಿಯ ಗೋಡೆ ಬದಲಾಯಿತು. ದೇವರ ಪಟಗಳ ಸಾಲಿನಲ್ಲಿ ಮೊದಲು ರವಿವರ್ಮನ ಅಚ್ಚಿನ ಲಕ್ಷ್ಮಿ ಸರಸ್ವತಿಯರು, ಆಮೇಲೆ ವರದಹಳ್ಳಿಯ ಶ್ರೀಧರ ಸ್ವಾಮಿಗಳು, ಪಕ್ಕದಲ್ಲೇ ತೀರಿಹೋದ ಅಜ್ಜ. ಅಜ್ಜ ಬದುಕಿದ್ದಾಗ ತೆಗೆಸಿದ್ದು ಎಷ್ಟೋ ಸಲ ಒಂದೇ ಒಂದು ಪಟ, ಅದೂ ಯಾರದೋ ಮದುವೆಯ ಗುಂಪಿನಲ್ಲಿ. ಆ ಗುಂಪಿನಿಂದ ಮುಖವೊಂದನ್ನೇ ಬಿಡಿಸಿ, ದೊಡ್ಡದು ಮಾಡಿ, ಮಸುಕಾದ ಕಡೆ ಪೆನ್ಸಿಲ್ಲಿನಿಂದ ತಿದ್ದಿ, ಹುಬ್ಬು ಮೀಸೆಗಳನ್ನು ಎಳೆದು ಚೌಕಟ್ಟು ಹಾಕಿಸಿಕೊಡುತ್ತಿದ್ದರು. ಕೇಳಿದರೆ ಬಣ್ಣವನ್ನೂ ತುಂಬುತ್ತಿದ್ದರು. ಅಲ್ಲಿ ಫೋಟೋ ಎಲ್ಲಿ ಮುಗಿಯಿತು, ಚಿತ್ರ ಎಲ್ಲಿ ಶುರುವಾಯಿತು ಎಂದು ಗೆರೆ ಹಾಕುವುದು ಕಷ್ಟ. ಸಾಗರ ಸೊರಬದ ಗುಡಿಗಾರರು ಗಂಧದ ಕೊರಡಿನಲ್ಲಿ ದೇವರನ್ನು, ಬಳ್ಳಿಯನ್ನು, ಪೆಟ್ಟಿಗೆಯನ್ನು ಕೆತ್ತುತ್ತ ಬಂದವರು. ಕಸುಬಿಗೆ ಹೆಸರಾದ ಆ ಕೈಗಳ ಊರಿನ ಗಂಧದ ಹಾರವೇ ಈ ಅಜ್ಜಂದಿರ ಪಟಗಳ ಮೇಲೆ ಬಂದು ಕೂತಿತು.

ಆಮೇಲೆ ಮುಳುಗಡೆ ಬಂತು. ಹಿರೇಭಾಸ್ಕರದ ಅಣೆಕಟ್ಟಿನ ನಂತರ 1964ರಲ್ಲಿ ಲಿಂಗನಮಕ್ಕಿ ಮುಗಿಯಿತು, ಶರಾವತಿ ಕಣಿವೆಯ ಹಳ್ಳಿಗಳು ನೀರಿನಡಿ ಹೋದವು. ಹೊರಟ ಮನೆಗಳವರು ದನ, ಪಾತ್ರೆ, ನಾಗಂದಿಗೆಯ ಮೇಲಿನ ಪೆಟ್ಟಿಗೆ, ದೇವರ ಮೂರ್ತಿ ಹೊತ್ತರು. ಪಟವಿದ್ದವರು ಪಟ ಹೊತ್ತರು. ಹಸೆ ಬರೆದ ಗೋಡೆಯನ್ನು ಹೊರಲು ಯಾರಿಂದಾದೀತು? ಅದು ಮಣ್ಣು, ನೀರು ಮುಟ್ಟಿದ ಕೂಡಲೆ ಕರಗುವ ಮಣ್ಣು. ಮುಖವಿಲ್ಲದ ಚಿತ್ರಕ್ಕೆ ಊರು ಜೊತೆಗಿರಬೇಕು. ಊರು ಚದುರಿದಲ್ಲಿ ಇವರು ಯಾರೆಂದು ಗೆರೆ ಹೇಳುವುದಿಲ್ಲ. ಪಟ ಹೇಳುತ್ತದೆ. ಮಲೆನಾಡಿನಲ್ಲಿ ಮುಖದ ಚಿತ್ರಕ್ಕೆ ಬೆಲೆ ಬಂದದ್ದರ ಹಿಂದೆ ಪೇಟೆಯ ಮೋಹವೊಂದೇ ಇರಲಿಲ್ಲ, ಈ ನಷ್ಟವೂ ಇತ್ತು. ಕಲೆಯ ಇತಿಹಾಸ ಬರೆಯುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಅತ್ತ ಮೈಸೂರಿನಲ್ಲಿ ಚಿತ್ರಕಾರರು ಫೋಟೋವನ್ನು ಬೇರೆ ಅಗತ್ಯಕ್ಕೆ ಕೈಗೆತ್ತಿಕೊಂಡಿದ್ದರು. ಅರಮನೆಗೆ ಒಂಬತ್ತು ಪುರಾಣ ಚಿತ್ರಗಳನ್ನು ಬರೆದುಕೊಟ್ಟ ರವಿವರ್ಮ ಫೋಟೋಗಳ ನೆರವು ಪಡೆಯುತ್ತಿದ್ದವನೇ. ಅವನ ನಂತರದ ದೊಡ್ಡ ಕೆಲಸ ಹೊಸ ಅರಮನೆಯ ಕಲ್ಯಾಣ ಮಂಟಪದ್ದು. ಸುತ್ತಲ ಗೋಡೆಯ 26 ತೈಲಚಿತ್ರಗಳಲ್ಲಿ 1930ರ ದಸರಾ ಮೆರವಣಿಗೆ ಸಾಗುತ್ತದೆ. ಮೆರವಣಿಗೆ ಯಾರಿಗೂ ಕಾದು ನಿಲ್ಲುವುದಿಲ್ಲ, ಆನೆಗೆ ಅಲುಗಬೇಡ ಎನ್ನಲಾಗದು. ಹಾಗಾಗಿ ಆಗ ತೆಗೆದ ಫೋಟೋಗಳನ್ನು ಮುಂದಿಟ್ಟುಕೊಂಡು ಆಸ್ಥಾನದ ಕಲಾವಿದರು 1934ರಿಂದ 1945ರವರೆಗೆ ಬರೆದರು. ಸರದಾರ, ಸಿಪಾಯಿ, ಬ್ಯಾಂಡಿನವರು, ಉಪ್ಪರಿಗೆಯಿಂದ ಇಣುಕುವವರು ಎಲ್ಲರೂ ಗುರುತು ಸಿಗುವಂತೆ ಇದ್ದಾರೆ. ಅಷ್ಟು ಮುಖ ಬರೆಯುತ್ತ ಹನ್ನೊಂದು ವರ್ಷ ಕಳೆದವರಿಗೆ ಅಲ್ಲಿ ವಿಷಯವಾಗಿ ಸ್ಥಾನವಿರಲಿಲ್ಲ, ಮೆರವಣಿಗೆ ಮಹಾರಾಜರದು.

ಇಷ್ಟಾದರೂ ಕಲಾಶಾಲೆಗಳಲ್ಲಿ ಫೋಟೋ ನೋಡಿ ಬರೆಯುವುದೆಂದರೆ ಒಂದು ಮೆಟ್ಟಿಲು ಕೆಳಗೆ. ಎದುರು ಕೂರಿಸಿ ಬರೆಯುವವನೇ ಚಿತ್ರಕಾರ, ಪಟ ನೋಡಿ ಬರೆಯುವವನು ಬೋರ್ಡು ಬರೆಯುವವನ ಪಕ್ಕದವನು. ತನ್ನ ಮುಖ ಬರೆಯಬೇಕೆಂದರೆ ಕನ್ನಡಿ ಇಟ್ಟುಕೊಳ್ಳಬೇಕು. ಈ ಕಟ್ಟಳೆಗೆ ಯುರೋಪಿನ ಪರಂಪರೆಯ ಬೆಂಬಲವಿತ್ತು. ಆದರೆ ಕನ್ನಡಿ ತೋರಿಸುವುದೂ ಅರ್ಧ ಸತ್ಯವನ್ನೇ. ವಾನ್ ಗೋ ಗಾಯ ಮಾಡಿಕೊಂಡದ್ದು ಎಡಗಿವಿಗೆ. 1889ರಲ್ಲಿ ಅವನು ಬರೆದ ಚಿತ್ರದಲ್ಲಿ ಪಟ್ಟಿ ಇರುವುದು ಬಲಗಿವಿಯ ಕಡೆ ಎಂಬಂತೆ ಕಾಣುತ್ತದೆ. ಕನ್ನಡಿಯಲ್ಲಿ ಕಂಡದ್ದನ್ನೇ ಅವನು ಬರೆದ. ನಮಗೆ ನಾವು ಪರಿಚಯವಿರುವುದು ಹೀಗೆ ಎಡಬಲ ಅದಲುಬದಲಾಗಿ. ಅದಕ್ಕೇ ಫೋಟೋದಲ್ಲಿ ಮೊದಲ ಸಲ ಸರಿಯಾಗಿ ನೋಡಿಕೊಂಡವರಿಗೆ ಬೈತಲೆ ತಪ್ಪಾದಂತೆ, ಬಾಯಿ ಸೊಟ್ಟಗಾದಂತೆ ಅನಿಸುವುದು. ಫೋಟೋದಲ್ಲಿರುವುದು ಬೇರೆಯವರಿಗೆ ಕಾಣುವ ನಾವು.

ಕನ್ನಡಿಗೆ ಇನ್ನೊಂದು ಮಿತಿಯಿದೆ. ಅದರಲ್ಲಿ ಕಾಣುವವನು ಯಾವಾಗಲೂ ಎಚ್ಚರವಾಗಿರುತ್ತಾನೆ, ನೆಟ್ಟ ನೋಟದಲ್ಲಿರುತ್ತಾನೆ. ಕಣ್ಣು ಮುಚ್ಚಿದ ತನ್ನನ್ನು, ತನ್ನ ಬೆನ್ನನ್ನು, ಐದು ವರ್ಷದ ತನ್ನನ್ನು ಅದು ತೋರಿಸಲಾರದು. ಫೋಟೋ ತೋರಿಸುತ್ತದೆ. 1840ರಲ್ಲೇ ಹಿಪೊಲಿಟ್ ಬಯಾರ್ ಎಂಬ ಫ್ರೆಂಚರವನು ತಾನು ನೀರಲ್ಲಿ ಮುಳುಗಿ ಸತ್ತಂತೆ ಕೂತು ಪಟ ತೆಗೆದುಕೊಂಡ. ಫೋಟೋಗ್ರಫಿಯನ್ನು ತಾನೂ ಕಂಡುಹಿಡಿದಿದ್ದರೂ ಮನ್ನಣೆಯೆಲ್ಲ ಇನ್ನೊಬ್ಬ ಶೋಧಕ ಡಗೇರನಿಗೆ ಹೋಯಿತೆಂಬ ಸಂಕಟ ಅವನದು. ಯಾವ ಕನ್ನಡಿಯ ಮುಂದೆಯೂ ಯಾರೂ ತನ್ನ ಹೆಣವನ್ನು ನೋಡಿಕೊಂಡಿರಲಿಲ್ಲ.

ಚಿತ್ರಕಲೆ ಫೋಟೋದ ಈ ನೆರವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡದ್ದು 1960ರ ದಶಕದಲ್ಲಿ. ಅಮೆರಿಕದ ಚಕ್ ಕ್ಲೋಸ್ 1967-68ರಲ್ಲಿ ತನ್ನದೊಂದು ಕಪ್ಪು ಬಿಳುಪು ಫೋಟೋವನ್ನು ಹಿಡಿದು ಒಂಬತ್ತು ಅಡಿ ಎತ್ತರದ ಕ್ಯಾನ್ವಾಸಿಗೆ ಏರಿಸಿದ. ಬಾಯಲ್ಲಿ ಸಿಗರೇಟು, ಕೆದರಿದ ಕೂದಲು, ದಪ್ಪ ಚೌಕಟ್ಟಿನ ಕನ್ನಡಕ. ಮುಖದ ಒಂದು ಭಾಗ ಕಡೆದಿಟ್ಟಷ್ಟು ಸ್ಪಷ್ಟ, ಹಿಂದಿರುವ ಕಿವಿ ಮಸುಕು. ಮಸೂರ ಎಲ್ಲಿ ಮಸುಕಾಗಿಸಿತ್ತೋ ಅಲ್ಲಿ ಅವನ ಬಣ್ಣವೂ ಮಸುಕಾಯಿತು. ಅವನು ಬರೆದದ್ದು ಮುಖವನ್ನೊಂದೇ ಅಲ್ಲ, ಮುಖದ ಫೋಟೋವನ್ನು. ಕ್ಲೋಸ್‌ಗೆ ಮುಖಗಳನ್ನು ಗುರುತು ಹಿಡಿಯಲಾಗದ ತೊಂದರೆಯಿತ್ತು. ಚಪ್ಪಟೆಯಾಗಿಸಿ ಬರೆದ ಮುಖ ಮಾತ್ರ ತನ್ನ ನೆನಪಿನಲ್ಲಿ ನಿಲ್ಲುತ್ತದೆ ಎಂದು ಅವನು ಹೇಳಿಕೊಂಡಿದ್ದ. ಅವನಿಗೆ ಫೋಟೋ ಎಂಬುದು ಸುಲಭದ ದಾರಿಯಾಗಿರಲಿಲ್ಲ, ಇದ್ದ ಒಂದೇ ದಾರಿಯಾಗಿತ್ತು.

ಅವನ ವಿಧಾನ ಕನ್ನಡದ ಓದುಗರಿಗೆ ಹೊಸದೇನಲ್ಲ. ಫೋಟೋದ ಮೇಲೆ ಚೌಕ ಹಾಕುವುದು, ಕ್ಯಾನ್ವಾಸಿನ ಮೇಲೆ ಅಷ್ಟೇ ಚೌಕಗಳನ್ನು ದೊಡ್ಡದಾಗಿ ಹಾಕುವುದು, ಒಂದೊಂದು ಚೌಕದಲ್ಲಿ ಏನಿದೆಯೋ ಅದನ್ನಷ್ಟೇ ನೋಡಿ ತುಂಬುವುದು. ನಮ್ಮ ಶಾಲೆಗಳ ಡ್ರಾಯಿಂಗ್ ಮೇಷ್ಟ್ರು ಗಾಂಧೀಜಿಯ ಚಿತ್ರ ಕಲಿಸಿದ್ದು ಹೀಗೆಯೇ. ಸಿನಿಮಾ ಬ್ಯಾನರ್ ಬರೆಯುವವರು ಅಂಗೈಯಗಲದ ಸ್ಟಿಲ್ ಒಂದಕ್ಕೆ ದಾರ ಹಿಡಿದು ಚೌಕ ಎಳೆದು ಚಿತ್ರಮಂದಿರದ ಮುಂದೆ ಮೂವತ್ತು ನಲವತ್ತು ಅಡಿಯ ನಾಯಕನನ್ನು ಎಬ್ಬಿಸಿದ್ದೂ ಹೀಗೆಯೇ. ಹತ್ತಿರದಿಂದ ಅವರಿಗೆ ಕಾಣುತ್ತಿದ್ದದ್ದು ನೀಲಿ, ಗುಲಾಬಿ, ಹಳದಿಯ ಪಟ್ಟೆಗಳು ಮಾತ್ರ. ಮುಖ ಕೂಡಿಬರುತ್ತಿದ್ದದ್ದು ರಸ್ತೆಯ ಆಚೆ ಬದಿಯಿಂದ ನೋಡಿದಾಗ. ಫ್ಲೆಕ್ಸ್ ಬಂದು ಆ ಕಸುಬನ್ನು ನುಂಗಿತು. ವಸ್ತುಸಂಗ್ರಹಾಲಯದಲ್ಲಿ ಕ್ಲೋಸ್‌ನ ಚೌಕಗಳ ಮುಂದೆ ನಿಂತು ಬೆರಗಾಗುವವರು ಈ ಕೈಗಳಿಗೂ ಒಂದು ಮಾತು ಸಲ್ಲಿಸಬೇಕು.

ಸಲ್ಲಿಸಿದವನೊಬ್ಬ ಮುಂಬಯಿಯಲ್ಲಿದ್ದಾನೆ. 1994ರಲ್ಲಿ ಅತುಲ್ ದೋಡಿಯಾ ಸಿನಿಮಾ ಪೋಸ್ಟರಿನ ಮಾದರಿಯಲ್ಲಿ ತನ್ನನ್ನೇ ಬರೆದುಕೊಂಡ ‘ದಿ ಬಾಂಬೆ ಬಕನೀರ್’ ಚಿತ್ರಕ್ಕೆ ಅದರ ಹಿಂದಿನ ವರ್ಷ ಬಂದ ‘ಬಾಜಿಗರ್’ ಸಿನಿಮಾದ ಪೋಸ್ಟರ್ ಆಧಾರ. ಕೈಯಲ್ಲಿ ಪಿಸ್ತೂಲು ಹಿಡಿದ ಚಿತ್ರಕಾರನ ಕನ್ನಡಕದ ಒಂದು ಗಾಜಿನಲ್ಲಿ ಚಿತ್ರಕಾರ ಡೇವಿಡ್ ಹಾಕ್ನಿ, ಇನ್ನೊಂದರಲ್ಲಿ ಚಿತ್ರಕಾರ ಭೂಪೇನ್ ಖಖ್ಖರ್. ತನ್ನ ಮುಖ ತೋರಿಸುವಾಗ ತಾನು ಯಾರನ್ನು ನೋಡಿ ಕಲಿತೆ ಎಂಬುದನ್ನೂ ಕಣ್ಣಲ್ಲೇ ಇಟ್ಟ. ದಾಸೋಜ ತನ್ನ ಊರು ಬಿರುದುಗಳನ್ನು ಕಲ್ಲಿನ ಅಂಚಿಗೆ ಕಂಡರಿಸಿದ್ದು ನೆನಪಾಗುತ್ತದೆ. ಇಲ್ಲಿ ಅದು ಅಂಚಿನಿಂದ ಎದ್ದು ಮುಖದ ನಡುವಿಗೆ ಬಂದಿದೆ.

ಕರ್ನಾಟಕದಲ್ಲಿ ಈ ಕತೆಯನ್ನು ಎಲ್ಲರಿಗಿಂತ ಮುಂದಕ್ಕೆ ಒಯ್ದವರು ಬೆಂಗಳೂರಿನ ಪುಷ್ಪಮಾಲಾ ಎನ್. ಮೂಲತಃ ಶಿಲ್ಪಿ, 1956ರಲ್ಲಿ ಹುಟ್ಟಿದವರು. ಅವರು ದಾರಿಯನ್ನೇ ತಿರುಗಿಸಿದರು. ಬೇರೆಯವರು ಫೋಟೋದಿಂದ ಚಿತ್ರಕ್ಕೆ ಹೋದರೆ ಇವರು ಚಿತ್ರದಿಂದ ಫೋಟೋಗೆ ಬಂದರು. ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ 2000ದಿಂದ 2004ರವರೆಗೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ರವಿವರ್ಮನ ಬೆಳದಿಂಗಳ ಹೆಂಗಸು ಅವರೇ, ಕಮಲದ ಮೇಲಿನ ಲಕ್ಷ್ಮಿ ಅವರೇ, ಬಿಜಾಪುರದ ಹಳೆಯ ಕಿರುಚಿತ್ರದ ಯೋಗಿನಿಯೂ ಅವರೇ. ಹಿಂದಿನ ಪರದೆಗೆ ಬಣ್ಣ ಬಳಿಸಿ, ಸೀರೆ ಒಡವೆ ಹೊಂದಿಸಿ, ಮೂಲ ಚಿತ್ರದ ಕೈಬೆರಳು ಮಡಿಸಿದ್ದಂತೆ ಬೆರಳು ಮಡಿಸಿ ಅವರು ನಿಲ್ಲುತ್ತಾರೆ. ಕ್ಯಾಮೆರಾ ಬೇರೆಯವರ ಕೈಯಲ್ಲಿ. ಮಲೆನಾಡಿನ ಜಗಲಿಯ ಪಟಗಳಲ್ಲಿ ತಲೆಮಾರುಗಳ ಕಾಲ ಕಂಡ ಲಕ್ಷ್ಮಿಯ ಜಾಗದಲ್ಲಿ ಕನ್ನಡದ ಕಲಾವಿದೆಯೊಬ್ಬರ ಮುಖ. ಎಷ್ಟು ಹೊತ್ತು ನೋಡಿದರೂ ಆ ಮುಖ ಪೂರ್ತಿ ಲಕ್ಷ್ಮಿಯದಾಗುವುದಿಲ್ಲ, ಪೂರ್ತಿ ಅವರದಾಗಿಯೂ ಉಳಿಯುವುದಿಲ್ಲ.

ಅದೇ ಸರಣಿಯಲ್ಲಿ ಚೌಕ ಮತ್ತೆ ಎದುರಾಗುತ್ತದೆ, ಈ ಸಲ ಕ್ರೂರವಾಗಿ. ಬ್ರಿಟಿಷರ ಕಾಲದ ಜನಾಂಗ ಅಧ್ಯಯನಕಾರರು ಬುಡಕಟ್ಟಿನವರನ್ನು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ತೋಳು ಎಷ್ಟು ಚೌಕ, ತಲೆ ಎಷ್ಟು ಚೌಕ ಎಂದು ಆಮೇಲೆ ಎಣಿಸಿ ಬರೆದುಕೊಳ್ಳುವುದಕ್ಕೆ. ಪುಷ್ಪಮಾಲಾ ಆ ಪರದೆಯ ಮುಂದೆಯೂ ತಾವೇ ಹೋಗಿ ನಿಂತರು. ಡ್ರಾಯಿಂಗ್ ಮೇಷ್ಟ್ರ ಚೌಕ ಮುಖವೊಂದನ್ನು ಹೋಲಿಕೆ ಕೆಡದಂತೆ ದೊಡ್ಡದು ಮಾಡುತ್ತಿತ್ತು. ಈ ಚೌಕ ಮನುಷ್ಯರನ್ನು ಲೆಕ್ಕಕ್ಕೆ ಇಳಿಸುತ್ತಿತ್ತು. ಎರಡೂ ಒಂದೇ ಗೆರೆ, ಒಂದೇ ಅಳತೆ. ಹಿಂದೆ ಹಾಗೆ ನಿಂತವರನ್ನು ನಿಲ್ಲುತ್ತೀಯಾ ಎಂದು ಯಾರೂ ಕೇಳಿರಲಿಲ್ಲ. ಇವರು ತಾವಾಗಿ ನಿಂತದ್ದರಿಂದ ಆ ಹಳೆಯ ಪಟಗಳ ಹೆಂಗಸರ ಕಡೆಗೆ ನಮ್ಮ ಕಣ್ಣು ತಿರುಗಿತು. ತನ್ನ ಮುಖವನ್ನು ತಾನೇ ತೋರಿಸುವ ಕಲೆ ಇಷ್ಟು ಜನರನ್ನು ಒಳಗೊಳ್ಳಬಲ್ಲದು ಎಂಬುದನ್ನು ಈ ಪಟದಷ್ಟು ನೇರವಾಗಿ ಹೇಳಿದ್ದು ಕಡಿಮೆ.

ಹಸೆ ಚಿತ್ತಾರ ಈಗ ಗೋಡೆಯಿಂದ ಇಳಿದಿದೆ. ಕಾಗದ, ಬಟ್ಟೆ, ಕ್ಯಾನ್ವಾಸುಗಳ ಮೇಲೆ ಬರೆದು ಪೇಟೆಯ ಪ್ರದರ್ಶನಗಳಿಗೆ ಒಯ್ಯುತ್ತಾರೆ. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಚಿತ್ತಾರ ಬರೆಯುವುದೂ ನಿಂತಿಲ್ಲ. ಮದುಮಕ್ಕಳಿಗೆ ಇನ್ನೂ ಕಣ್ಣು ಮೂಗು ಬಂದಿಲ್ಲ.

ಇಕ್ಕೇರಿಯ ನೆಲದ ಮೇಲಿನ ನಾಯಕರ ಪಟವನ್ನು ಈಗ ಬಂದವರೆಲ್ಲ ಮೊಬೈಲಿನಲ್ಲಿ ತೆಗೆದುಕೊಳ್ಳುತ್ತಾರೆ. ಒಳಗೆ ಬೆಳಕು ಕಡಿಮೆ, ಆಕೃತಿಗಳು ನೆಲಕ್ಕೆ ಅಂಟಿಕೊಂಡಿವೆ, ಮೇಲಿನಿಂದ ಬಾಗಿಯೇ ಹಿಡಿಯಬೇಕು. ಚೌಕಟ್ಟಿನಲ್ಲಿ ಕೋಳ ತೊಟ್ಟ ಸೋಮಶೇಖರ ಪೂರ್ತಿ ಬರಬೇಕೆಂದು ಕೈಯನ್ನು ಇನ್ನಷ್ಟು ಹಿಂದಕ್ಕೆ ಎಳೆದರೆ, ಪರದೆಯ ಕೆಳಗಿನ ಅಂಚಿನಲ್ಲಿ ಪಟ ತೆಗೆಯುವವರ ಬರಿಗಾಲಿನ ಬೆರಳುಗಳೂ ಬಂದು ನಿಲ್ಲುತ್ತವೆ.